ಸುಳ್ಳು ಮಳೆ

"ಇವತ್ತು ಬೆಳಗ್ಗೆ ಧರ್ಮಪುರದ ಕಡೆ ಮಳೇನೇ ಬಂದಿಲ್ಲ ಅಂತ ಬರ್ದೋರು ಯಾರ್ರೀ ಇಲ್ಲಿ?"

ಬಾಗಿಲಲ್ಲಿ ನಿಂತವನ ದನಿಗೆ ಕಚೇರಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಮೊಣಕಾಲವರೆಗೆ ಕೆಸರು. ಬೆನ್ನಿಗಂಟಿದ ಅಂಗಿ. ಕೈಯಲ್ಲಿ ನೀರು ತೊಟ್ಟಿಕ್ಕುವ ಹೆಲ್ಮೆಟ್ಟು.

ಎಲ್ಲರ ಕಣ್ಣೂ ಜಹೀರಾಳ ಕಡೆ ತಿರುಗಿತು.

"ಬರೆದಿದ್ದು ನಾನಲ್ಲ, ನನ್ನ ಪ್ರೋಗ್ರಾಂ," ಎಂದಳು ಅವಳು, ಕುರ್ಚಿಯಿಂದ ಏಳದೆ. "ಏನೀಗ?"

"ಏನೀಗಾ?" ಅವನು ನೇರವಾಗಿ ಬಂದು ಹೆಗಲ ಚೀಲವನ್ನು ಅವಳ ಮೇಜಿನ ಮೇಲೆ ಹಾಕಿದ. ಚೀಲದಿಂದ ಇಳಿದ ನೀರು ಕೀಬೋರ್ಡಿನ ಅಂಚಿನ ತನಕ ಹರಿಯಿತು. "ಮಳೆ ಬಂದಿಲ್ಲ ಅಂದ್ರೆ ಇದೇನು? ನಮ್ಮನೆ ನಲ್ಲಿ ನೀರಾ?"

"ನೋಡ್ರಿ, ಸುತ್ತ ನಾಲ್ಕು ಮಳೆಮಾಪಕದಲ್ಲಿ ಸೊನ್ನೆ ಐತೆ. ನಲವತ್ತೇಳನೇದೊಂದರಲ್ಲಿ ಮಾತ್ರ ನಲವತ್ತೆಂಟು ಮಿಲಿಮೀಟರ್! ಯಾರು ನಂಬ್ತಾರೆ?"

"ನಂಬಬ್ಯಾಡ್ರಿ. ಮುಟ್ಟಿ ನೋಡ್ರಿ!"

ಅವನು ತೋಳು ಚಾಚಿದ. ಯಾಕೋ... ಜಹೀರಾಳ ಕೈ ತಾನಾಗಿಯೇ ಮುಂದೆ ಹೋಯಿತು. ಒದ್ದೆ ಬಟ್ಟೆಯ ತಣ್ಣನೆ ಬೆರಳಿಗೆ ತಾಗಿದ್ದೇ ತಡ, ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

*ಅಯ್ಯೋ ಅಲ್ಲಾಹ್, ನಾನೇನು ಮಾಡಿಬಿಟ್ಟೆ!*

ಅವನ ಸಿಟ್ಟು ಎಲ್ಲಿ ಹೋಯಿತೋ! ಅವನೂ ತಡವರಿಸಿದ. "ನಾನು... ಇಸ್ರಾರ್. ಹಿರಿಯೂರಿನವನು. ಆ ಕಡೆ ಮಾಪಕಗಳನ್ನ ನೋಡ್ಕಳೋನು ನಾನೇ."

ಚಿತ್ರದುರ್ಗದಲ್ಲಿದ್ದ ಆ ಕಚೇರಿ ಒಂದು ಖಾಸಗಿ ಕಂಪನಿಯದು. ಕಂಪನಿ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಅರವತ್ತು ಮಳೆಮಾಪಕಗಳನ್ನು ನೆಟ್ಟಿತ್ತು. ಹದಿನೈದು ನಿಮಿಷಕ್ಕೊಮ್ಮೆ ಪ್ರತಿಯೊಂದೂ ಒಂದು ಸಾಲು ಕಳಿಸುತ್ತಿತ್ತು. ಮಾಪಕದ ಸಂಖ್ಯೆ, ಸಮಯ, ಮಳೆಯ ಅಳತೆ, ಅಷ್ಟೇ. ಅದನ್ನು ಮನುಷ್ಯರು ಓದುತ್ತಿರಲಿಲ್ಲ. ಜಹೀರಾ ಬರೆದ ಪ್ರೋಗ್ರಾಂ ಓದುತ್ತಿತ್ತು. ಮಳೆ ಮಿತಿ ಮೀರಿದರೆ ಹಳ್ಳದ ಕೆಳಗಿನ ಊರುಗಳ ಫೋನುಗಳೆಲ್ಲ ಒಟ್ಟಿಗೆ ರಿಂಗಾಗುತ್ತಿದ್ದವು. ಎತ್ತಿದರೆ ಜಹೀರಾಳ ದನಿ: "ಮೇಲೆ ಜೋರು ಮಳೆಯಾಗಿದೆ. ಹಳ್ಳಕ್ಕೆ ಇಳಿಯಬೇಡಿ."

ಆದರೆ ಮಾಪಕದೊಳಗೆ ಹಲ್ಲಿ ಹೊಕ್ಕರೂ, ಕಣಜ ಗೂಡು ಕಟ್ಟಿದರೂ ಸುಳ್ಳು ಅಳತೆ ಬರುತ್ತದೆ. ಅದಕ್ಕೇ ಅವಳೊಂದು ನಿಯಮ ಹಾಕಿದ್ದಳು. ಅಕ್ಕಪಕ್ಕದವೆಲ್ಲ ಸುಮ್ಮನಿದ್ದು ಒಂದೇ ಮಾಪಕ ಕೂಗಿಕೊಂಡರೆ, ಅದನ್ನು ತಡೆದು ನಿಲ್ಲಿಸು.

ಆ ಬೆಳಗ್ಗೆ ತಡೆದಿದ್ದು ನಿಜವಾದ ಮಳೆಯನ್ನು.

"ಪುಣ್ಯಕ್ಕೆ ಯಾರೂ ಹಳ್ಳದಾಗೆ ಇರ್ಲಿಲ್ಲ," ಎಂದ ಇಸ್ರಾರ್, ಈಗ ಮೆತ್ತಗೆ. "ನಮ್ಮ ಕಡೆ ಮಳೆ ಹಂಗೇ ಕಣ್ರಿ. ಈ ಹೊಲದಾಗೆ ಹೊಯ್ತದೆ, ಆ ಹೊಲದಾಗೆ ಧೂಳು. ಮಿಶಿನ್ನಿಗೆ ಅದು ತಿಳಿಯಾಕಿಲ್ಲ."

ಜಹೀರಾ ತುಟಿ ಕಚ್ಚಿ ಯೋಚಿಸಿದಳು.

"ಹಂಗಾದ್ರೆ ಹೀಗೆ ಮಾಡಾಣ. ಅನುಮಾನ ಬಂದ ಕೂಡ್ಲೇ ನಾನು ನಿಮಗೆ ಫೋನ್ ಮಾಡ್ತೀನಿ. ನೀವು ನಿಜ ಅಂದ್ರೆ ಎಚ್ಚರಿಕೆ ಕಳಿಸ್ತೀನಿ."

"ನನ್ನ ಮಾತು ನಂಬ್ತೀರಾ?"

"ಅಂಗಿ ಮುಟ್ಟಿ ನೋಡಿದೀನಲ್ಲ..." ಎಂದವಳು ತನ್ನ ಮಾತಿಗೆ ತಾನೇ ಕೆಂಪಾದಳು!

ಹಾಗೆ ಶುರುವಾಯಿತು.

ವಾರಕ್ಕೊಂದು ಫೋನು. ಆಮೇಲೆ ಎರಡು. "ಮಳೆ ನಿಜಾನಾ?" ಎಂದು ಅವಳು ಕೇಳುವುದು. "ನಿಜ" ಎಂದೋ "ಹಲ್ಲಿ" ಎಂದೋ ಅವನು ಹೇಳುವುದು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯುತ್ತಿರಲಿಲ್ಲ. ಅವನ ತಾಯಿಯ ಮಂಡಿನೋವು, ಮಂಚ ಮಾಡುವ ಅವಳ ತಂದೆ, ಅಬ್ಬು ಜಬೀವುಲ್ಲಾರ ಬೈಗುಳ, ಹಿರಿಯೂರು ಬಸ್ ಸ್ಟ್ಯಾಂಡಿನ ಚಹಾ... ಫೋನಿಟ್ಟ ಮೇಲೂ ಅವಳ ಮುಖದಲ್ಲಿ ನಗು ಉಳಿದಿರುತ್ತಿತ್ತು.

ಒಮ್ಮೆ ಮಾಪಕ ನೋಡುವ ನೆಪದಲ್ಲಿ ಅವಳೇ ಧರ್ಮಪುರಕ್ಕೆ ಹೋದಳು. ನಲವತ್ತೇಳನೇ ಮಾಪಕ ಇದ್ದದ್ದು ಊರಾಚೆ ದಿಬ್ಬದ ಮೇಲೆ, ಮೂರ್ತಪ್ಪ ಎಂಬ ರೈತನ ಶೇಂಗಾ ಹೊಲದ ಮೂಲೆಯಲ್ಲಿ. ಅದನ್ನು ಕಾಯುತ್ತಿದ್ದವಳು ಅವನ ಹೆಂಡತಿ ನಿಂಗಕ್ಕ.

"ನೀನೇ ಏನವ್ವ ಫೋನಿನಾಗೆ ಮಾತಾಡೋ ಹುಡುಗಿ?" ನಿಂಗಕ್ಕ ಅವಳ ಗಲ್ಲ ಹಿಡಿದಳು. ಸೊಂಟದ ಚೀಲದಿಂದ ಪುಟ್ಟ ಫೋನು ತೆಗೆದು ತೋರಿಸಿದಳು. "ನಾ ಮೇಕೆ ಹೊಡ್ಕಂಡು ಹಳ್ಳದ ಕೆಳಕ್ಕೆ ಹೋಗ್ತೀನಿ. ಅಲ್ಲಿ ಬಿಸ್ಲು, ಇಲ್ಲಿ ಮಳೆ! ಏನ್ ಗೊತ್ತಾಗ್ಬೇಕು? ನಿನ್ನ ದನಿ ಬಂತಂದ್ರೆ ಮೇಕೆ ಬಿಟ್ಟಾದ್ರೂ ದಂಡೆ ಹತ್ತಿಬಿಡ್ತೀನಿ."

ಆಮೇಲೆ ಇಸ್ರಾರ್ ಕಡೆ ತಿರುಗಿ, "ಲೇ, ಹುಡುಗಿ ಚೆನ್ನಾಗೈತೆ. ಇನ್ನೂ ಎಷ್ಟು ದಿನ ಹಿಂಗೆ ಮೆಷಿನ್ ಒರೆಸ್ತಾ ನಿಂತಿರ್ತೀಯಾ?" ಎಂದಳು.

ಇಸ್ರಾರ್ ಮಾಪಕದ ಮುಚ್ಚಳವನ್ನು ಕೈತಪ್ಪಿ ಕೆಳಗೆ ಬೀಳಿಸಿದ!

ಅದಾದ ಎರಡು ವಾರಕ್ಕೆ, ಬೆಳಗ್ಗೆ ಹನ್ನೊಂದರ ಸುಡುಬಿಸಿಲಲ್ಲಿ ನಲವತ್ತೇಳು ಕೂಗಿಕೊಂಡಿತು. ಹನ್ನೆರಡು ಮಿಲಿಮೀಟರ್. ಜಹೀರಾ ಫೋನ್ ಮಾಡಿದಳು.

"ಮಳೆ ನಿಜಾನಾ?"

"ಸುಳ್ಳು."

"ಮತ್ತೆ? ಹಲ್ಲಿನಾ?"

"ಇಲ್ಲ. ನಾನೇ ಒಂದು ಚೊಂಬು ನೀರು ಹಾಕ್ದೆ."

"ಯಾಕೆ?"

ಆ ಕಡೆ ಚೊಂಬು ಕೆಳಗಿಟ್ಟ ಸದ್ದು ಕೇಳಿಸಿತು.

"ನೀನು ಫೋನ್ ಮಾಡ್ತೀಯಲ್ಲ... ಅದಕ್ಕೆ."

ಮೊದಲ ಸಲ 'ನೀನು' ಅಂದಿದ್ದ. ಬೈಯಬೇಕು ಅಂದುಕೊಂಡಳು. ಸುಮ್ಮನೆ ಫೋನ್ ಮಾಡಿದರೆ ಎತ್ತಲ್ವಾ ನಾನು ಅಂತ ಕೇಳಬೇಕು ಅಂದುಕೊಂಡಳು. ಏನನ್ನೂ ಕೇಳದೆ, ಆ ಸಾಲಿನ ಮುಂದೆ 'ಸುಳ್ಳು' ಎಂದು ಗುರುತು ಹಾಕಿ, ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು.

ಇನ್ನೊಂದು ಚೊಂಬು ಹಾಕು ಅಂತ ಅವಳು ಹೇಳಲಿಲ್ಲ. ಬೇಡ ಅಂತಲೂ ಹೇಳಲಿಲ್ಲ...

ಮೂರು ತಿಂಗಳಲ್ಲಿ ನಲವತ್ತೇಳನೇ ಮಾಪಕದಲ್ಲಿ ಹತ್ತೊಂಬತ್ತು ಸಲ ಸುಳ್ಳು ಮಳೆ ಬಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ. ಕಚೇರಿಗೆ ಹೊರಗಿನಿಂದ ಐದು ಜನ ಬಂದಿದ್ದರು. ಬೇರೆ ಜಿಲ್ಲೆಗಳಲ್ಲೂ ಈ ವ್ಯವಸ್ಥೆ ಹಾಕಬಹುದೇ ಎಂದು ನೋಡಿ ಹೋಗುವವರು. ಕಚೇರಿಯ ಮುಖ್ಯಸ್ಥ ಮುರುಗೇಶಪ್ಪ ಮುಂಚೆಯೇ ಹೇಳಿದ್ದರು: "ಫೋನೆಲ್ಲ ಸೈಲೆಂಟ್ ಮಾಡಿ ಡ್ರಾಯರಿನಲ್ಲಿಡ್ರಿ. ಮಾನ ಕಳೀಬ್ಯಾಡ್ರಿ."

ನಾಲ್ಕು ಗಂಟೆಗೆ ಗೋಡೆಯ ದೊಡ್ಡ ಪರದೆಯ ಮುಂದೆ ಜಹೀರಾ ವಿವರಿಸುತ್ತಿದ್ದಳು. ಹೊಸದುರ್ಗ ಹಸಿರು. ಹೊಳಲ್ಕೆರೆ ಹಸಿರು. ಶ್ರೀರಾಂಪುರ, ತುರುವನೂರು, ಎಲ್ಲ ಹಸಿರು.

ಒಂದು ಚುಕ್ಕೆ ಕೆಂಪಾಯಿತು. ನಲವತ್ತೇಳು. ಹದಿನೆಂಟು ಮಿಲಿಮೀಟರ್.

"ಅದೇನಮ್ಮಾ ಅದು?" ಬಂದವರಲ್ಲೊಬ್ಬರು ಕೇಳಿದರು.

*ಇವತ್ತೇನು ಎರಡು ಚೊಂಬು ಹಾಕಿದಾನಾ ಪುಣ್ಯಾತ್ಮ!*

ಅವಳ ತುಟಿಯಂಚಿನಲ್ಲಿ ನಗು ಬಂತು. ಹೌದು, ನಗು ಬಂತು... ಆ ನಗುವನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ!

"ಅದು ಸುಳ್ಳು ಅಳತೆ ಸರ್. ಇಂಥದ್ದನ್ನ ನಮ್ಮ ವ್ಯವಸ್ಥೆ ಹಿಡಿದು ಹಾಕುತ್ತೆ. ನೋಡಿ, ಈಗ ಈ ಮಾಪಕವನ್ನ ಒಂದು ಗಂಟೆ ಪಕ್ಕಕ್ಕಿಡ್ತೀನಿ."

ಒತ್ತಿದಳು. ಕೆಂಪು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು. ಬಂದವರು ತಲೆಯಾಡಿಸಿದರು.

ಐದೂ ಹತ್ತಕ್ಕೆ ಡ್ರಾಯರ್ ಎಳೆದಳು.

ಏಳು ಮಿಸ್ಡ್ ಕಾಲ್! ಇಸ್ರಾರ್. ಇಸ್ರಾರ್. ಇಸ್ರಾರ್...

ಓಡಿ ಹೋಗಿ ಬೂದು ಚುಕ್ಕೆಯನ್ನು ತೆರೆದಳು. ಹದಿನೆಂಟು. ಇಪ್ಪತ್ತೆರಡು. ಇಪ್ಪತ್ತಾರು. ಇಪ್ಪತ್ತೊಂದು. ಚೊಂಬಿನಲ್ಲಿ ಹಿಡಿಯುವ ಮಳೆಯಲ್ಲ ಅದು. ಮಾಪಕ ಒಂದು ಗಂಟೆಯಿಂದ ಒಂದೇ ಸಮನೆ ಸಾಲು ಕಳಿಸುತ್ತಲೇ ಇತ್ತು. ಕೇಳುವವರಿರಲಿಲ್ಲ.

ಎಚ್ಚರಿಕೆಯ ಗುಂಡಿ ಒತ್ತಿದಳು. ಅವನಿಗೆ ಫೋನ್ ಹಚ್ಚಿದಳು. ಎತ್ತಿದ. ಹಿಂದೆ ಜನ ಕೂಗಾಡುವ ಸದ್ದು.

"ಇಸ್ರಾರ್? ಇಸ್ರಾರ್! ಏನಾಯ್ತು?"

"ನಿಂಗಕ್ಕ..." ಎಂದ. ಅಷ್ಟೇ ಎಂದ.

ಹಳ್ಳದ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಬಿಸಿಲಿತ್ತು. ಒಣ ಮರಳಿನ ಮೇಲೆ ನಿಂಗಕ್ಕ ಮೇಕೆಗಳನ್ನು ದಾಟಿಸುತ್ತಿದ್ದಾಗ ಮೇಲಿಂದ ಹಳ್ಳದ ನೀರು ನುಗ್ಗಿ ಅವಳನ್ನು ಕೊಚ್ಚಿಕೊಂಡು ಹೋಯಿತಂತೆ. ಫೋನು ಸೊಂಟದ ಚೀಲದಲ್ಲೇ ಇತ್ತಂತೆ.

ಮಾರನೆಯ ದಿನ ಮುರುಗೇಶಪ್ಪ ಒಂದು ಹಾಳೆ ಮುಂದಿಟ್ಟರು.

"ಮಾಪಕದ ದೋಷ ಅಂತ ಬರೆದು ಸಹಿ ಮಾಡಮ್ಮ. ಇಲ್ಲಾಂದ್ರೆ ತನಿಖೆಗೆ ಬಂದೋರು ಹಳೇ ಸಾಲುಗಳನ್ನೆಲ್ಲ ತೆಗೆದು ನೋಡ್ತಾರೆ."

ಹಳೇ ಸಾಲುಗಳು! ಹತ್ತೊಂಬತ್ತು ಸುಳ್ಳು ಮಳೆಗಳು. ಬಿಸಿಲಲ್ಲಿ ಬಿದ್ದ ಚೊಂಬು ನೀರು... *ತೆಗೆದು ನೋಡಿದರೆ ಅವನನ್ನು ಜೈಲಿಗೆ ಹಾಕ್ತಾರೆ.*

ಅವನನ್ನು ಉಳಿಸಲೆಂದು ಅವಳು ಸಹಿ ಮಾಡಿದಳು.

ಮೂರು ದಿನಕ್ಕೆ ಇಸ್ರಾರ್ ಕೆಲಸ ಹೋಯಿತು. ಮಾಪಕ ಕೆಟ್ಟಿದ್ದರೆ ತಪ್ಪು ಅದನ್ನು ನೋಡಿಕೊಳ್ಳುವವನದಲ್ಲವೇ? ಅಷ್ಟು ಚಿಕ್ಕ ವಿಷಯ ಅವಳಿಗೆ ಆ ಹೊತ್ತಿನಲ್ಲಿ ಹೊಳೆದಿರಲಿಲ್ಲ. ಅವನಿಂದ ಒಂದು ಮೆಸೇಜು ಬಂತು:

"ನಾನು ಏಳು ಸಲ ಫೋನ್ ಮಾಡ್ದೆ ಜಹೀರಾ. ಆ ಮಳೆ ನಿಜ ಇತ್ತು. ನನ್ನ ಮಾಪಕ ನಿಜ ಹೇಳ್ತಿತ್ತು. ನಿನ್ನನ್ನ ಉಳಿಸ್ಕಳಾಕೆ ಅದನ್ನ ಸುಳ್ಳು ಮಾಡ್ಬಿಟ್ಯಾ?"

ಅವಳು ಉತ್ತರ ಬರೆದಳು. ಅಳಿಸಿದಳು. ಮತ್ತೆ ಬರೆಯುವಷ್ಟರಲ್ಲಿ ಅವನ ನಂಬರು ಬಂದ್ ಆಗಿತ್ತು.

ನಾಲ್ಕು ತಿಂಗಳು. ಜಹೀರಾ ಕೆಲಸಕ್ಕೆ ಹೋದಳು, ಬಂದಳು. ಅಬ್ಬು ಎರಡು ಸಂಬಂಧ ತಂದರು. ಎರಡಕ್ಕೂ ಬೇಡವೆಂದಳು.

"ಏನಾಗೈತೆ ಬೇಟಿ ನಿನಗೆ?" ಎಂದು ಕೇಳಿದರು ಜಬೀವುಲ್ಲಾ.

"ಏನಿಲ್ಲ ಅಬ್ಬು."

ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ತನ್ನ ದನಿ. ಎಚ್ಚರಿಕೆಯ ವ್ಯವಸ್ಥೆಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕಿತ್ತು. "ಹಳ್ಳಕ್ಕೆ ಇಳಿಯಬೇಡಿ" ಎಂದು ತನ್ನದೇ ಬಾಯಿ ಹೇಳುವುದು ಕೇಳಿಸಿದಾಗ ಅವಳು ಎದ್ದು ಹೊರಗೆ ಹೋಗಿಬಿಡುತ್ತಿದ್ದಳು.

ಕೊನೆಗೊಂದು ದಿನ ಕುಳಿತು ಎಲ್ಲವನ್ನೂ ಬರೆದಳು. ಮಾಪಕ ಸರಿಯಿತ್ತು. ಸಾಲುಗಳು ಸರಿಯಾದ ಹೊತ್ತಿಗೆ ಬಂದವು. ತಡೆದಿದ್ದು ನಾನು. ಹತ್ತೊಂಬತ್ತು ಸಲ ಅದು ಸುಳ್ಳೆಂದು ಗೊತ್ತಿದ್ದೂ ಸುಮ್ಮನಿದ್ದದ್ದು ನಾನು. ಸಾಲುಗಳನ್ನೆಲ್ಲ ಜೊತೆಗಿಟ್ಟು, ಚೊಂಬು ಹಾಕಿದವನ ಹೆಸರು ಮಾತ್ರ ಬಿಟ್ಟು, ಕಂಪನಿಯ ದೊಡ್ಡ ಕಚೇರಿಗೆ ಕಳಿಸಿದಳು.

ನಿಜ ಹೇಳಿದರೆ ಏನಾದರೂ ಸರಿಹೋಗುತ್ತದೆ ಎಂದುಕೊಂಡಿದ್ದಳು.

ಅವಳ ಕೆಲಸ ಹೋಯಿತು. ಅದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಇನ್ನೊಂದು ನಡೆಯಿತು. ನಂಬಿಕೆಗೆ ತಕ್ಕದ್ದಲ್ಲ ಎಂದು ಧರ್ಮಪುರದ ಕಡೆಯ ಎಚ್ಚರಿಕೆಯನ್ನೇ ಕಂಪನಿ ನಿಲ್ಲಿಸಿಬಿಟ್ಟಿತು. ಮಾಪಕಗಳನ್ನು ಕಿತ್ತುಕೊಂಡು ಹೋದರು. ಇನ್ನು ಆ ಹಳ್ಳದ ದಂಡೆಯಲ್ಲಿ ಯಾವ ಫೋನೂ ರಿಂಗಾಗುವುದಿಲ್ಲ, ನಿಜಕ್ಕೂ ಇಲ್ಲ, ಸುಳ್ಳಿಗೂ ಇಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಜಹೀರಾ ಧರ್ಮಪುರದ ಬಸ್ ಹತ್ತಿದಳು.

ಮೂರ್ತಪ್ಪನ ಮನೆಯ ಮುಂದೆ ಯಾರೋ ಬೆನ್ನು ಹಾಕಿ ಕುಳಿತು ಮೇಕೆದೊಡ್ಡಿಯ ಬೇಲಿ ಕಟ್ಟುತ್ತಿದ್ದರು. ಆ ಬೆನ್ನು ಅವಳಿಗೆ ಗೊತ್ತಿತ್ತು.

ಇಸ್ರಾರ್ ತಿರುಗಿ ನೋಡಿದ. ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು.

"ಯಾಕೆ ಬಂದೆ?"

"ಮೂರ್ತಪ್ಪರಿಗೆ ಹೇಳಾಕೆ."

"ಏನಂತ?"

"ನಡೆದಿದ್ದು ಎಲ್ಲಾ."

ಅವನು ಕೈಲಿದ್ದ ತಂತಿ ಕೆಳಗಿಟ್ಟ. "ನಾನು ನಾಲ್ಕು ತಿಂಗಳಿಂದ ವಾರವಾರ ಬರ್ತಿದೀನಿ. ಬೇಲಿ ಕಟ್ತೀನಿ, ನೀರು ತುಂಬ್ತೀನಿ. ಒಂದಿನಾನೂ ಬಾಯಿ ಬಂದಿಲ್ಲ ನನಗೆ..."

"ಯಾರು ಬಂದಿರೋದು?" ಎನ್ನುತ್ತ ಮೂರ್ತಪ್ಪ ಹೊರಗೆ ಬಂದ. ಅವಳನ್ನು ಗುರುತು ಹಿಡಿದ. "ಬಾರವ್ವ. ಕುಂತ್ಕ. ಅವ್ಳಿದ್ದಿದ್ರೆ ಚಾ ಮಾಡ್ತಿದ್ಲು."

ಜಹೀರಾ ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದಳು. ಪರದೆಯ ಮೇಲಿನ ಕೆಂಪು ಚುಕ್ಕೆ, ತನ್ನ ನಗು, ಡ್ರಾಯರಿನಲ್ಲಿದ್ದ ಫೋನು. ಚೊಂಬಿನ ಮಾತು ಬಂದಾಗ ಇಸ್ರಾರ್ ಅಡ್ಡ ಬಂದ.

"ಅದು ನಾನು ಕಣಣ್ಣ. ಚೊಂಬು ಹಾಕಿದ್ದು ನಾನು. ಅವತ್ತು ಮಳೆ ಹೊಯ್ದಾಗ ಇವಳಿಗೇ ಏಳು ಸಲ ಫೋನ್ ಮಾಡ್ದೆ. ನಿಂಗಕ್ಕಂಗೆ ಒಂದೇ ಒಂದು ಸಲ ಮಾಡ್ಬೇಕು ಅಂತ ನನ್ನ ತಲೆಗೆ ಬರ್ಲಿಲ್ಲ..."

ಜಹೀರಾ ಅವನತ್ತ ನೋಡಿದಳು. *ಇಷ್ಟು ದಿನ ಇದನ್ನ ಒಬ್ಬನೇ ಹೊತ್ತುಕೊಂಡಿದ್ದನಾ?*

ಮೂರ್ತಪ್ಪ ಹೊಸ್ತಿಲ ಮೇಲೆ ಕುಳಿತುಕೊಂಡ. ದೊಡ್ಡಿಯೊಳಗೊಂದು ಮೇಕೆ ಕೆಮ್ಮಿತು.

"ಅವ್ಳ ಸೊಂಟದಾಗೆ ಫೋನ್ ಸಿಕ್ತು," ಎಂದ. "ನೀರು ಹೊಕ್ಕಿತ್ತು. ನಾನು ಅಂದ್ಕಂಡೆ, ಫೋನ್ ಬಂದಿರ್ತೈತೆ, ಮುದುಕಿ ಮೇಕೆ ಮೇಲಿನ ಆಸೆಗೆ ಎತ್ತಿರಾಕಿಲ್ಲ ಅಂತ. ನಾಲ್ಕು ತಿಂಗ್ಳು ಅವ್ಳನ್ನೇ ಬೈಕಂಡೆ ಕಣವ್ವ. ಸತ್ತೋಳನ್ನ... ದಿನಾ ಬೈಕಂಡೆ."

ಟವಲಿನಿಂದ ಮುಖ ಒತ್ತಿಕೊಂಡ.

"ನೀವು ಒಳ್ಳೇರೇ. ಆದ್ರೆ ಇನ್ನು ಬರಬ್ಯಾಡ್ರಿ. ನಿಮ್ಮನ್ನ ನೋಡಾಕೆ ನನ್ನ ಕೈಲಾಗಾಕಿಲ್ಲ. ಬೇಲಿ ಹಂಗೇ ಇರ್ಲಿ ಬಿಡಪ್ಪ. ಹೋಗ್ರಿ."

ಇಬ್ಬರೂ ಊರ ಬಸ್ ನಿಲ್ದಾಣದ ತನಕ ನಡೆದರು. ಬಿಸಿಲು ಇಳಿಯುತ್ತಿತ್ತು. ಕಲ್ಲುಬೆಂಚಿನ ಎರಡು ತುದಿಗೆ ಇಬ್ಬರೂ ಕುಳಿತರು.

"ಸಹಿ ಮಾಡಿದ್ದು ನನ್ನನ್ನ ಉಳಿಸ್ಕಳಾಕೆ ಅಲ್ಲ," ಎಂದಳು ಜಹೀರಾ, ನೆಲ ನೋಡುತ್ತ. "ಹಳೇ ಸಾಲು ತೆಗೆದ್ರೆ ನಿನ್ನ ಚೊಂಬು ಹೊರಗೆ ಬರ್ತಿತ್ತು. ನಿನ್ನನ್ನ ಹಿಡ್ಕಂಡು ಹೋಗ್ತಾರೆ ಅಂತ ಹೆದರ್ದೆ. ಅದು ನಿನ್ನ ಕೆಲ್ಸಾನೇ ಕಳೀತೈತೆ ಅಂತ... ನಿಜ್ವಾಗ್ಲೂ ಹೊಳೀಲಿಲ್ಲ."

ಇಸ್ರಾರ್ ಕಣ್ಣು ಮುಚ್ಚಿಕೊಂಡ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ನಂಬರ್ ಬಂದ್ ಮಾಡಿದ್ದೆ."

"ನೀನು ನನ್ನ ಮೇಲೆ ಸಿಟ್ಟಾಗಿದೀಯ ಅಂದ್ಕಂಡಿದ್ದೆ. ನಾನು ಆಟ ಆಡ್ದೆ ಇದ್ದಿದ್ರೆ ನೀನು ಆ ಮಳೆ ನಂಬ್ತಿದ್ದೆ."

"ನಾನು ಬ್ಯಾಡ ಅಂದಿದ್ರೆ ನೀನು ಆಟ ಆಡ್ತಿರ್ಲಿಲ್ಲ." ಅವಳ ಕಣ್ಣು ತುಂಬಿ ಬಂತು. "ನನಗೆ ಬೇಕಿತ್ತು ಇಸ್ರಾರ್. ಆ ಚೊಂಬು ನೀರು ನನಗೆ ಬೇಕಿತ್ತು. ಬೆಳಗ್ಗೆ ಎದ್ದ ಕೂಡ್ಲೇ ಇವತ್ತು ಬರ್ತದಾ ಅಂತ ಕಾಯ್ತಿದ್ದೆ. ನಿನ್ನನ್ನ ಅಷ್ಟು ಇಷ್ಟಪಟ್ಟಿದ್ದೆ... ಅದಕ್ಕೇ ಒಂದು ಜೀವ ಹೋಯ್ತು."

ಅವನು ಬೆಂಚಿನ ಆ ತುದಿಯಿಂದ ಮಧ್ಯದ ತನಕ ಸರಿದು ಬಂದ. ಮುಟ್ಟಲಿಲ್ಲ.

"ಇಷ್ಟಪಟ್ಟಿದ್ದೆ ಅಂದ್ಯಲ್ಲ... ಈಗ?"

"ಈಗಲೂ. ಅದೇ ನನಗೆ ನಾಚಿಕೆ."

"ನನಗೂ ಹಂಗೇ," ಎಂದ ಅವನು. "ಎಷ್ಟು ಕಿತ್ತು ಹಾಕಿದ್ರೂ ಹೋಗ್ತಿಲ್ಲ ಜಹೀರಾ. ನಿನ್ನ ಮುಖ ನೋಡಿದ್ರೆ ನಿಂಗಕ್ಕ ಕಾಣ್ತಾಳೆ. ನೋಡ್ದಿದ್ರೆ ನೀನು ಕಾಣ್ತೀಯ. ಏನು ಮಾಡ್ಲಿ?"



ಬಸ್ಸು ಬಂತು. ಅರ್ಧಕ್ಕರ್ಧ ಖಾಲಿ. ಅವಳು ಕಿಟಕಿ ಪಕ್ಕ ಕುಳಿತು, ಪಕ್ಕದ ಸೀಟಿನ ಮೇಲಿಟ್ಟಿದ್ದ ತನ್ನ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವನು ಕಂಬಿ ಹಿಡಿದು ನಿಂತೇ ಇದ್ದ.

"ಕುಂತ್ಕ," ಎಂದಳು.

ಕುಳಿತ. ಕಂಡಕ್ಟರು ಬಂದ.

"ಹಿರಿಯೂರು ಒಂದು," ಎಂದು ಇಸ್ರಾರ್ ಕೈಚಾಚಿದ.

ಜಹೀರಾ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಚಿತ್ರದುರ್ಗ," ಎಂದಳು ಕಂಡಕ್ಟರಿಗೆ. "ಎರಡು ಕೊಡ್ರಿ."

ಇಸ್ರಾರ್ ಅವಳನ್ನೇ ನೋಡಿದ. ಕೈ ಅವಳ ಕೈಯಲ್ಲೇ ಇತ್ತು. ಬಸ್ಸು ಹೊರಟಿತು.

"ನಾವು ಸುಖವಾಗಿರ್ತೀವಿ ಅಂತ ನನಗೆ ಅನ್ನಿಸ್ತಿಲ್ಲ," ಎಂದ, ತುಂಬ ಮೆಲ್ಲಗೆ.

"ನನಗೂ ಅನ್ನಿಸ್ತಿಲ್ಲ."

"ನಿಮ್ಮ ಅಬ್ಬು ಕೇಳಿದ್ರೆ ಏನಂತ ಹೇಳ್ತೀಯಾ?"

ಅವಳು ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವಳಿಗೆ ಅಳು ಸದ್ದು ಮಾಡಿ ಬಂತು.

"ಗೊತ್ತಿಲ್ಲ... ದುರ್ಗ ಬರೋಕೆ ಇನ್ನೂ ಹೊತ್ತೈತೆ. ಅಲ್ಲೀತನಕ ಹಿಂಗೇ ಇರು."

"ಇರ್ತೀನಿ," ಎಂದ ಇಸ್ರಾರ್. "ಅಳು. ನಾನಿಲ್ಲೇ ಇದೀನಿ."